ಹೊಸ ಊರು, ಒಂಬತ್ತನೇ ಕ್ಲಾಸು: ಒಂಟಿ ಹುಡುಗಿಯ ಕಾದಂಬರಿ ಕಟ್ಟುವ ಬಗೆ

ಅಪ್ಪನಿಗೆ ವರ್ಗವಾಗುತ್ತದೆ, ಸಾಮಾನು ಲಾರಿ ಹತ್ತುತ್ತದೆ, ಹುಡುಗಿ ಹೊಸ ಊರಿನ ಬಾಡಿಗೆ ಮನೆಯ ಕಿಟಕಿ ಪಕ್ಕ ಕೂತು ಹಳೇ ಊರು ನೆನೆಸಿಕೊಳ್ಳುತ್ತಾಳೆ. ಇಂಥ ಕಾದಂಬರಿ ಬರೆಯಲು ಹೊರಟವರಲ್ಲಿ ಬಹಳಷ್ಟು ಮಂದಿಯ ಬರವಣಿಗೆ ಆ ಕಿಟಕಿಯ ಹತ್ತಿರವೇ ನಿಂತುಬಿಡುತ್ತದೆ. ಹುಡುಗಿ ಒಂಟಿ ಅಂತ ಹತ್ತು ಪುಟದಲ್ಲಿ ಓದುಗರಿಗೆ ಗೊತ್ತಾಗಿದೆ. ಆಮೇಲೆ ಬರೆಯಲು ಏನೂ ಉಳಿದಿಲ್ಲ. ಒಂಟಿತನ ಅಂದರೆ ಮನಸ್ಸಿನ ಬೇಸರ ಅಂತಷ್ಟೇ ಹಿಡಿದುಕೊಂಡರೆ ಹೀಗಾಗುತ್ತದೆ. ಕಾದಂಬರಿಗೆ ಬೇಕಾದ ಒಂಟಿತನ ಗಂಟೆ ಲೆಕ್ಕದ್ದು. ದಿನದ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಎಷ್ಟು ನಿಮಿಷ ಅವಳ ಜೊತೆ ಮಾತಾಡಲು ಯಾರೂ ಇರುವುದಿಲ್ಲ? ಇದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಕಥೆ ಆಮೇಲೆ.

ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಒಂದು ಉದಾಹರಣೆ ಹಿಡಿದೇ ಹೋಗೋಣ. ಹುಡುಗಿಗೆ 14 ವರ್ಷ. ಊರು ಶಿರಸಿ. ಬಂದು ಇಳಿದದ್ದು ರಾಯಚೂರಿನಲ್ಲಿ, 2009ರ ಜೂನ್‌ನಲ್ಲಿ.

ಮೊದಲು ತೀರ್ಮಾನವಾಗಬೇಕಾದದ್ದು ಅಪ್ಪನ ಕೆಲಸ. ಇಲ್ಲಿ ಎಡವಿದರೆ ಒಳಗಿನ ಲೋಕ ಬಲ್ಲ ಓದುಗರು ಮೂರನೇ ಪುಟಕ್ಕೇ ಪುಸ್ತಕ ಮುಚ್ಚುತ್ತಾರೆ. ಪ್ರಾಥಮಿಕ ಶಾಲೆಯ ಮಾಸ್ತರನ್ನು ಶಿರಸಿಯಿಂದ ರಾಯಚೂರಿಗೆ ಸುಮ್ಮನೆ ಎತ್ತಿ ಹಾಕಲಾಗುವುದಿಲ್ಲ. ಅವರ ವರ್ಗಾವಣೆ ಬಹುಮಟ್ಟಿಗೆ ಜಿಲ್ಲೆಯೊಳಗೇ ಸುತ್ತುತ್ತದೆ. ಕರೆಂಟ್ ಆಫೀಸಿನವರೂ ಕಷ್ಟ, ಶಿರಸಿ ಹೆಸ್ಕಾಂ, ರಾಯಚೂರು ಜೆಸ್ಕಾಂ, ಕಂಪನಿಯೇ ಬೇರೆ. ಸಲೀಸಾಗಿ ಕೂರುವುದು ರಾಷ್ಟ್ರೀಕೃತ ಬ್ಯಾಂಕಿನ ಗುಮಾಸ್ತ: ಪ್ರಮೋಷನ್ ತೆಗೆದುಕೊಂಡು ಆಫೀಸರ್ ಆದರೆ ಸಾಮಾನ್ಯವಾಗಿ ದೂರದ ಊರಿಗೆ ಪೋಸ್ಟಿಂಗ್ ಬೀಳುತ್ತದೆ. ಇದರಿಂದ ಇನ್ನೊಂದು ಲಾಭವಿದೆ. ಅಪ್ಪನ ಸಂತೋಷದ ಸುದ್ದಿಯೇ ಮಗಳಿಗೆ ಕೆಟ್ಟ ಸುದ್ದಿ. ಪೇಡೆ ಹಂಚಿದ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲಿಕ್ಕೂ ಬರುವುದಿಲ್ಲ. ಶಿಕ್ಷೆಯ ವರ್ಗಾವಣೆ, ಅಪ್ಪನ ಸಾಲ, ಅಮ್ಮನ ಸಾವು ಇವೆಲ್ಲ ಸುಲಭದ ದಾರಿ. ದುಃಖಕ್ಕೆ ಮೊದಲೇ ಒಂದು ಹೆಸರು ಕೊಟ್ಟುಬಿಡುತ್ತವೆ. ಅಮ್ಮನನ್ನು ದಯವಿಟ್ಟು ಬದುಕಿಸಿ ಇಡಿ. ಅವಳಿಂದ ಆಗಬೇಕಾದ ಕೆಲಸ ಮುಂದಿದೆ.

ಇನ್ನು ತರಗತಿ. ನಮ್ಮಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟರಿಂದ. ಬೇರೆ ಬೇರೆ ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳೆಲ್ಲ ಜೂನ್‌ನಲ್ಲಿ ಹೊಸಬರೇ. ಎಂಟನೇ ಕ್ಲಾಸಿಗೆ ಸೇರಿಸಿದರೆ ಒಂಟಿತನ ಅಲ್ಲೇ ಸೋರಿಹೋಗುತ್ತದೆ. ಹತ್ತಕ್ಕೆ ಸೇರಿಸಿದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇಡೀ ಕಾದಂಬರಿಯನ್ನು ನುಂಗುತ್ತದೆ. ಒಂಬತ್ತೇ ಸರಿ: ಗುಂಪುಗಳು ಕಟ್ಟಿ ಆಗಲೇ ವರ್ಷವಾಗಿದೆ, ಬೆಂಚಿನ ಜಾಗಗಳು ಖಾಯಂ ಆಗಿವೆ. ಟಿಸಿ ಬರುವುದು ತಡವಾಗಿ ಜೂನ್ ಕೊನೆಗೆ ಸೇರಿದ್ದಾಳೆ ಅಂತಿಟ್ಟುಕೊಳ್ಳಿ, ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಅಕ್ಷರಮಾಲೆ ಪ್ರಕಾರ ನಡುವೆ ಬರುವುದಿಲ್ಲ, ಕಟ್ಟಕಡೆಗೆ ಬರುತ್ತದೆ. ಹಾಜರಿ ಕರೆಯುವಾಗ ಎಲ್ಲರದೂ ಮುಗಿದು ಗದ್ದಲ ಎದ್ದ ಮೇಲೆ ಅವಳ ಹೆಸರು. ದಿನವೂ ಆಗುವ ಇಂಥ ಒಂದು ಸಣ್ಣ ಸಂಗತಿ ನಾಲ್ಕು ಪುಟದ ಸ್ವಗತದಷ್ಟು ಕೆಲಸ ಮಾಡುತ್ತದೆ. ಪಠ್ಯಪುಸ್ತಕ ಮಾತ್ರ ರಾಜ್ಯಕ್ಕೆಲ್ಲ ಒಂದೇ. ಪುಸ್ತಕದೊಳಗೆ ಅವಳು ಹೊಸಬಳಲ್ಲ. ಆದ್ದರಿಂದ ಪಾಠದಲ್ಲಿ ಹಿಂದೆ ಬಿದ್ದಳು ಅಂತ ಬರೆಯುವ ಮುಂಚೆ ಯೋಚಿಸಿ. ಗಣಿತ ಬರುತ್ತದೆ, ಬೆಲ್ ಹೊಡೆದ ಮೇಲಿನದು ಬರುವುದಿಲ್ಲ.

ಈಗ ಗಡಿಯಾರ. ಶಾಲೆ 10ರಿಂದ 4.30. ಪ್ರಾರ್ಥನೆಗೆ ಮುಂಚೆ ಮೈದಾನದಲ್ಲಿ 20 ನಿಮಿಷ, ಊಟದ ಬಿಡುವು 45 ನಿಮಿಷ, ಸಂಜೆ ಮನೆ ಮುಟ್ಟಿದ 4.50ರಿಂದ ಅಪ್ಪ ಬರುವ 7.30ರವರೆಗೆ. ವಾರಕ್ಕೆ ಕೂಡಿಸಿದರೆ ಇಪ್ಪತ್ತು ಗಂಟೆಯ ಆಚೆ ಈಚೆ. ಈ ಮೂರು ಹೊತ್ತೂ ಒಂದೇ ಥರ ಇರಬಾರದು. ಮೈದಾನದ ಒಂಟಿತನ ಎಲ್ಲರ ಕಣ್ಣಿಗೂ ಬೀಳುವಂಥದ್ದು, ಹಾಗಾಗಿ ಅವಳು ಏನೋ ಮಾಡುತ್ತಿರುವಂತೆ ಕಾಣಬೇಕು. ನೋಟಿಸ್ ಬೋರ್ಡಿನಲ್ಲಿ ಹೋದ ವರ್ಷದ ಸುತ್ತೋಲೆಯನ್ನೂ ಬಿಡದೆ ಓದುತ್ತಾಳೆ. ಊಟದ ಬಿಡುವಿನಲ್ಲಿ ತಿನ್ನುವುದು ಎಂಟು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ 37 ನಿಮಿಷ ಎಲ್ಲಿಡುವುದು? ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಾಳೆ. ಮುಚ್ಚಳದ ರಬ್ಬರನ್ನು ಬೇರೆ ತೆಗೆದು ತೊಳೆಯುತ್ತಾಳೆ. ಮತ್ತೆ ಹಾಕಿ, ಸರಿಯಾಗಿ ಕೂತಿಲ್ಲ ಅಂತ ಮತ್ತೆ ತೆಗೆಯುತ್ತಾಳೆ. ಹಿಂದೆ ನಿಂತ ಹುಡುಗಿ "ಆತೇನು?" ಅಂತ ಕೇಳಿದಾಗ ಅದೇ ಅವತ್ತಿನ ಸಂಭಾಷಣೆ. ಈ ನಲ್ಲಿಯ ದೃಶ್ಯದಲ್ಲಿ ಎಲ್ಲೂ 'ಒಂಟಿ' ಅನ್ನುವ ಪದ ಬಂದಿಲ್ಲ ನೋಡಿ.

ಸಂಜೆಯ ಹೊತ್ತು ಬೇರೆ. ಮನೆಯಲ್ಲಿ ಅಮ್ಮ ಇದ್ದಾಳೆ. ಅವಳೂ ಇಡೀ ದಿನ ಯಾರ ಹತ್ತಿರವೂ ಮಾತಾಡಿಲ್ಲ, ಮಗಳು ಬರುವುದನ್ನೇ ಕಾಯುತ್ತಿದ್ದಾಳೆ, ಬಂದ ಕೂಡಲೇ ಪ್ರಶ್ನೆಗಳು. ಹುಡುಗಿಗೆ ಉತ್ತರ ಕೊಡಲು ಮನಸ್ಸಿಲ್ಲ, "ಚೆನ್ನಾಗಿತ್ತು" ಅನ್ನುತ್ತಾಳೆ. ಒಂದೇ ಮನೆಯಲ್ಲಿ ಇಬ್ಬರು ಒಂಟಿ ಹೆಂಗಸರು, ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ. ಈ ವಸ್ತುವಿನಲ್ಲಿ ಇದಕ್ಕಿಂತ ಫಲವತ್ತಾದ ನೆಲ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಬಹಳಷ್ಟು ಬರಹಗಳಲ್ಲಿ ಅಮ್ಮ ಅಡುಗೆಮನೆಯಿಂದ ಕೂಗುವ ದನಿ ಮಾತ್ರ. ನಲ್ಲಿ ನೀರು ದಿನವೂ ಬಾರದ ಬೀದಿಯಲ್ಲಿ ನೀರು ಬಂದ ಹೊತ್ತಿಗೆ ಹೆಂಗಸರೆಲ್ಲ ಹೊರಗೆ ಬರುತ್ತಾರೆ. ಕೊಡ ಹಿಡಿದು ನಿಂತ ಅಮ್ಮನಿಗೆ ಮಗಳಿಗಿಂತ ಮೊದಲು ಗೆಳತಿಯರಾಗುತ್ತಾರೆ. ಆಗ ಹುಡುಗಿಗೆ ಆಗುವುದು ಖುಷಿಯಲ್ಲ, ಮೋಸಹೋದ ಭಾವ. ಅದನ್ನು ಒಂದು ಅಧ್ಯಾಯವಾಗಿ ಬರೆಯಿರಿ.

ಇಸವಿ ಯಾಕೆ 2009? ಫೋನಿಗಾಗಿ. ಇವತ್ತಿನ ಹುಡುಗಿಯ ಕೈಯಲ್ಲಿ ವಾಟ್ಸಾಪ್ ಇರುತ್ತದೆ, ಹಳೇ ಗೆಳತಿ ಬೆಂಚಿನ ಕೆಳಗೇ ಸಿಗುತ್ತಾಳೆ. ಆ ಒಂಟಿತನದ ಯಂತ್ರವೇ ಬೇರೆ, ಅದಕ್ಕೆ ಬೇರೆ ಕಾದಂಬರಿ ಬೇಕು. 2009ರಲ್ಲಿ ಮನೆಗೊಂದು ಕೀಪ್ಯಾಡ್ ಮೊಬೈಲ್, ಅದೂ ಅಪ್ಪನ ಜೇಬಿನಲ್ಲಿ. ಅದು ಮನೆಗೆ ಬರುವುದು 7.30ಕ್ಕೆ. ಶಿರಸಿಯ ಗೆಳತಿಯ ಮನೆಯಲ್ಲಿ ಲ್ಯಾಂಡ್‌ಲೈನ್, 08384 ಒತ್ತಿ ಹಚ್ಚಿದರೆ ಎತ್ತುವುದು ಅವಳ ಅಜ್ಜ. ಮಾತಾಡುವಾಗ ಅಪ್ಪ ಅಮ್ಮ ಇಬ್ಬರೂ ಅದೇ ಕೋಣೆಯಲ್ಲಿ. ಇಷ್ಟು ಅಡೆತಡೆ ಇದ್ದರೆ ಪ್ರತಿ ಫೋನ್ ಕರೆಯೂ ಒಂದು ದೃಶ್ಯ. ಗುಟ್ಟಿನ ಮಾತಿಗೆ ಉಳಿಯುವುದು ಇನ್‌ಲ್ಯಾಂಡ್ ಪತ್ರ. ಅದನ್ನೂ ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಸವಿ ಹಿಡಿದ ಮೇಲೆ ಸಣ್ಣ ಸಣ್ಣ ಕಾಲದೋಷಗಳು ಕಾಲಿಗೆ ತೊಡರುತ್ತವೆ. 'ಕಲ್ಯಾಣ ಕರ್ನಾಟಕ' ಅನ್ನುವ ಹೆಸರು 2019ರದ್ದು. ಈ ಕಥೆಯವರ ಬಾಯಲ್ಲಿ ಹೈದರಾಬಾದ್ ಕರ್ನಾಟಕವೇ ಬರಬೇಕು. ಕೃಷ್ಣೆ ದಾಟಿದರೆ ಆಂಧ್ರ, ತೆಲಂಗಾಣ ಇನ್ನೂ ಹುಟ್ಟಿಲ್ಲ. ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮುಂಚೆ ಶನಿವಾರ ಅರ್ಧ ದಿನದ ಕೆಲಸ. ಅಪ್ಪನನ್ನು ಶನಿವಾರ ಬೆಳಗ್ಗೆ ಮನೆಯಲ್ಲಿ ಕೂರಿಸಬೇಡಿ.

ಕನ್ನಡದಲ್ಲಿ ಈ ವಸ್ತುವಿಗೆ ಒಂದು ಖಾಯಿಲೆ ಅಂಟಿದೆ: ಬಿಟ್ಟು ಬಂದ ಊರು ಮಲೆನಾಡಾಗಿದ್ದರೆ ಅದು ಸ್ವರ್ಗ, ಬಂದ ಊರು ಬಯಲುಸೀಮೆಯಾಗಿದ್ದರೆ ಬರೀ ಧೂಳು, ಬಿಸಿಲು. ಮಳೆಯ ವ್ಯತ್ಯಾಸ ನಿಜವೇ; ಶಿರಸಿಯಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಮೇಲೆ ಸುರಿಯುತ್ತದೆ, ರಾಯಚೂರಿನಲ್ಲಿ 600–700. ಆದರೆ ರಾಯಚೂರಿನ ಓದುಗರೂ ನಿಮ್ಮ ಪುಸ್ತಕ ಕೊಳ್ಳುತ್ತಾರೆ ಅನ್ನುವುದು ಮರೆಯಬೇಡಿ. ಊರನ್ನು ಒಂದೇ ಸಲ ವರ್ಣಿಸಿ ಮುಗಿಸದೆ, ಅವಳ ಕಾಲು ಎಲ್ಲಿಯವರೆಗೆ ಹೋಗುತ್ತದೋ ಅಷ್ಟಷ್ಟೇ ತೆರೆಯಿರಿ. ಮೊದಲ ತಿಂಗಳು ಮನೆ, ಕಿರಾಣಿ ಅಂಗಡಿ, ಶಾಲೆ. ಎರಡನೇ ತಿಂಗಳಿಗೆ ತೀನ್ ಕಂದೀಲ್ ವೃತ್ತ, ಬಜಾರು. ಆಮೇಲೆ ಗಂಜ್, ಅಂದರೆ ಕೃಷಿ ಮಾರುಕಟ್ಟೆ, ಅಲ್ಲಿ ಹತ್ತಿಯ ಗಾಡಿಗಳು. ಕೋಟೆ ಇನ್ನೂ ತಡವಾಗಿ ಬರಲಿ; ಅದರ ಗೋಡೆಯಲ್ಲಿ 1294ರ ಶಾಸನವಿರುವ ಉದ್ದಾನುದ್ದ ಕಲ್ಲಿದೆ, ಆದರೆ ಅದನ್ನು ಓದಿ ಇತಿಹಾಸ ಪಾಠ ಮಾಡುವ ಪಾತ್ರ ಬೇಡ. ಬೇಸಿಗೆ ರಾತ್ರಿ ಇಡೀ ಬೀದಿ ಮಾಳಿಗೆ ಮೇಲೆ ಮಲಗುವುದು ಕಥೆಗೆ ಹೆಚ್ಚು ಉಪಯೋಗ: ಪಕ್ಕದ ಮಾಳಿಗೆಯ ಮಾತು ಕತ್ತಲಲ್ಲಿ ಕೇಳಿಸುತ್ತದೆ, ಕೇಳಿಸಿಕೊಂಡದ್ದು ಹೇಳುವಂತಿಲ್ಲ. ಇನ್ನು ಬಾಡಿಗೆ ಮನೆ ಹುಡುಕುವಾಗ ಮನೆಯವರು ಕೇಳುವ "ಯಾವ ಮಂದಿ ರೀ ನೀವು?" ಪ್ರಶ್ನೆಯನ್ನು ನಾಜೂಕಿಗೆ ಬಿಟ್ಟುಬಿಟ್ಟರೆ ಕಾದಂಬರಿ ಸುಳ್ಳಾಗುತ್ತದೆ. ಯಾರ ಡಬ್ಬಿಯಿಂದ ಯಾರು ತಿನ್ನುತ್ತಾರೆ ಅನ್ನುವುದೂ ಅದೇ ಪ್ರಶ್ನೆಯ ಮುಂದುವರಿಕೆ. ಹುಡುಗಿಗೂ ತನ್ನ ಮನೆಯಿಂದ ಬಂದ ಮಡಿ ಇರಬಹುದು. ಬರೀ ಅವಳನ್ನೇ ದೂರ ಇಟ್ಟರು ಅನ್ನುವುದು ಅರ್ಧ ಸತ್ಯ.

ಭಾಷೆಗೆ ಬನ್ನಿ, ಇದೇ ಹೆಚ್ಚು ಕೈ ಕೊಡುವ ಭಾಗ. ರಾಯಚೂರಿನ ಪಾತ್ರಗಳ ಎಲ್ಲಾ ಮಾತಿಗೂ 'ರೀ', 'ಹಂಗ', 'ಮಾಡಾಕತ್ತೀನಿ' ಮೆತ್ತಿದರೆ ಅದು ನಾಟಕ ಕಂಪನಿಯ ಉತ್ತರ ಕರ್ನಾಟಕವಾಗುತ್ತದೆ. ಧಾರವಾಡದ ಮಾತೇ ರಾಯಚೂರಿನದಲ್ಲ. ಇಲ್ಲಿ ಉರ್ದು, ತೆಲುಗು ಎರಡೂ ಬೀದಿಯಲ್ಲಿವೆ. ಮೂವರು ಹುಡುಗಿಯರು ಕನ್ನಡದಲ್ಲಿ ಹರಟುತ್ತಿರುತ್ತಾರೆ, ನಮ್ಮವಳು ಕಷ್ಟಪಟ್ಟು ಹಿಂಬಾಲಿಸುತ್ತಿರುತ್ತಾಳೆ, ನಗು ಬರುವ ಜಾಗಕ್ಕೆ ಸರಿಯಾಗಿ ಅವರು ತೆಲುಗಿಗೆ ಹೊರಳುತ್ತಾರೆ. ಬೇಕಂತ ಅಲ್ಲ, ಮನೆಮಾತು ಅದೇ. ಹೊಸ ಊರಿನ ಕ್ರೌರ್ಯ ಬಹುಪಾಲು ಹೀಗೇ ಇರುತ್ತದೆ, ಉದ್ದೇಶವಿಲ್ಲದೆ. ಜಡೆ ಎಳೆಯುವ ದುಷ್ಟ ಹುಡುಗಿಯ ಪಾತ್ರ ಸೃಷ್ಟಿಸುವ ಅಗತ್ಯವೇ ಬೀಳುವುದಿಲ್ಲ.

ನಮ್ಮವಳ ಮಾತೂ ಅಷ್ಟೇ ವಿಚಿತ್ರ ಅಲ್ಲಿಯವರಿಗೆ. ಶಿರಸಿ ಕಡೆ ಟೀಚರಿಗೆ 'ಅಕ್ಕೋರೇ' ಅನ್ನುತ್ತಾರೆ. ಅಭ್ಯಾಸಬಲದಿಂದ ಕ್ಲಾಸಿನಲ್ಲಿ ಹಾಗೆ ಅಂದಳು, ಹಿಂದಿನ ಬೆಂಚು ನಕ್ಕಿತು, ಮಾರನೇ ದಿನಕ್ಕೆ ಅದೇ ಅವಳ ಅಡ್ಡಹೆಸರು. ಆಮೇಲೆ ಅವಳು ಮಾಡುವುದು ಸ್ವಾಭಾವಿಕವಾದದ್ದು: ಪುಸ್ತಕದ ಕನ್ನಡಕ್ಕೆ ಹೊರಳುತ್ತಾಳೆ, ಎಲ್ಲಿಯವಳೂ ಅಲ್ಲದಂತೆ ಮಾತಾಡುತ್ತಾಳೆ. ಸಂಭಾಷಣೆ ಬರೆಯುವಾಗ ಮೂರು ಹಂತ ಇಟ್ಟುಕೊಳ್ಳಿ. ಜೂನ್‌ನಲ್ಲಿ ಶಿರಸಿಯ ಮಾತು, ಆಗಸ್ಟ್‌ನಿಂದ ಪುಸ್ತಕದ ಮಾತು, ಡಿಸೆಂಬರ್ ಹೊತ್ತಿಗೆ ಅಲ್ಲೊಂದು ಇಲ್ಲೊಂದು 'ಅಕಿ', 'ಕುಂದ್ರು' ಅವಳಿಗೇ ಗೊತ್ತಾಗದಂತೆ ನುಸುಳಲಿ. ಅದರ ಫಲ ಫೆಬ್ರವರಿ–ಮಾರ್ಚ್ ಸುಮಾರಿಗೆ ಸಿಗುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2010 ಜಾತ್ರೆಯ ವರ್ಷ. ಊರಿಗೆ ಹೋದ ಹುಡುಗಿ ಹಳೇ ಗೆಳತಿಯರ ನಡುವೆ "ಅಕಿ ಎಲ್ಲಿ ಹೋದ್ಲು?" ಅನ್ನುತ್ತಾಳೆ. ಈ ಸಲ ನಗುವುದು ಶಿರಸಿಯವರು.

ನಿರೂಪಣೆ ಪ್ರಥಮ ಪುರುಷದಲ್ಲಿದ್ದರೆ, ಅಂದರೆ 'ಅವಳು' ಅಂತ ಬರೆದರೆ, ಕನ್ನಡದಲ್ಲಿ ಒಂದು ಸಂಕಟವಿದೆ. ಬಂದಳು, ಕೂತಳು, ನೋಡಿದಳು, ಅಂದುಕೊಂಡಳು. ಪ್ಯಾರಾ ತುಂಬ 'ಳು'. ಗಟ್ಟಿಯಾಗಿ ಓದಿದರೆ ತಕ್ಷಣ ಕಿವಿಗೆ ಹೊಡೆಯುತ್ತದೆ. ಪರಿಹಾರ ಹಲವು: ಎರಡು ಮೂರು ಕ್ರಿಯೆಗಳನ್ನು 'ಬಂದು', 'ಕೂತು' ಮಾಡಿ ಒಂದು ವಾಕ್ಯಕ್ಕೆ ಇಳಿಸುವುದು, ಕ್ರಿಯಾಪದವೇ ಇಲ್ಲದ ವಾಕ್ಯ ಇಡುವುದು, ಕರ್ತೃವನ್ನೇ ಬದಲಿಸಿ ವಸ್ತುವಿಗೆ, ಬೇರೆಯವರಿಗೆ ಕೊಡುವುದು. ಮೂರನೆಯದು ಈ ಕಥೆಗೆ ಹೇಳಿ ಮಾಡಿಸಿದ್ದು. ಒಂಟಿಯಾಗಿರುವವಳ ಕಣ್ಣು ಹೇಗೂ ಬೇರೆಯವರ ಮೇಲೇ ಇರುತ್ತದೆ. ಗುಂಪಿನ ಯಾವ ಹುಡುಗಿ ವೇಲನ್ನು ಎರಡು ಪಿನ್ ಹಾಕಿ ವಿ ಆಕಾರದಲ್ಲಿ ಕೂರಿಸುತ್ತಾಳೆ, ಯಾರು ಒಂದೇ ಪಿನ್ನಿನಲ್ಲಿ ಜಾರಿಸಿಕೊಂಡು ಓಡಾಡುತ್ತಾಳೆ ಅನ್ನುವುದು ಅವಳಿಗೆ ಬಾಯಿಪಾಠ. 'ನಾನು' ಅಂತ ಬರೆದರೆ ಈ ತೊಂದರೆಯಿಲ್ಲ, ಆದರೆ 40ರ ಹೆಂಗಸಿನ ಬುದ್ಧಿ 14ರ ಬಾಯಲ್ಲಿ ಬರುತ್ತದೆ. "ಆಗ ನನಗೆ ತಿಳಿದಿರಲಿಲ್ಲ" ಅನ್ನುವ ವಾಕ್ಯ ನಾಲ್ಕಕ್ಕಿಂತ ಹೆಚ್ಚು ಕಡೆ ಬಂದಿದ್ದರೆ ದನಿ ಕೆಟ್ಟಿದೆ ಅಂತಲೇ ಲೆಕ್ಕ. ದಿನಚರಿ ರೂಪ ಬೇಡವೇ ಬೇಡ, ಸಂಭಾಷಣೆ ಸತ್ತುಹೋಗುತ್ತದೆ.

ಮೈ ಬೆಳೆಯುವ ವಿಷಯ. ಮೊದಲ ಮುಟ್ಟಿನ ದೃಶ್ಯ ಎಷ್ಟು ಸಲ ಬಂದಿದೆಯೆಂದರೆ, ಅದು ಶಿರಸಿಯಲ್ಲೇ ಆಗಿಹೋಗಿರಲಿ. ಹೊಸ ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಎರಡನೇ ಪಿರಿಯಡ್, ಪ್ಯಾಡ್ ಯಾರನ್ನು ಕೇಳುವುದು? ಕೇಳಲು ಒಬ್ಬರ ಹೆಸರೂ ನೆನಪಿಗೆ ಬಾರದಿರುವುದು ಹೊಸ ದೃಶ್ಯ. ಅದರಾಚೆ ಮಳೆ, ಕೆಂಪು ಹೂವು, ಇತ್ಯಾದಿ ಸಂಕೇತ ಬೇಡ.

ಗೆಳತಿ ಬರಬೇಕಾದದ್ದು ಮೂರನೇ ಒಂದು ಭಾಗ ಕಳೆದ ಮೇಲೆ. 45,000 ಪದಗಳ ಕಾದಂಬರಿ ಅಂದುಕೊಂಡರೆ 15,000ದ ಹತ್ತಿರ. ಅದಕ್ಕಿಂತ ಮುಂಚೆ ಬಂದರೆ ಒಂಟಿತನಕ್ಕೆ ತೂಕ ಬರುವುದಿಲ್ಲ, 20,000 ದಾಟಿದರೆ ಓದುಗರಿಗೇ ಉಸಿರು ಕಟ್ಟುತ್ತದೆ. ಬರುವ ರೀತಿ ಹೀಗಿರಬಹುದು: 2006–07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ಕ್ಲಾಸಿನವರಿಗೆ ಸೈಕಲ್ ಸಿಗುತ್ತಿತ್ತು. ಒಂಬತ್ತನೆಯ ಆ ಹುಡುಗಿಯರ ಹತ್ತಿರ ಹೋದ ವರ್ಷದ ಸೈಕಲ್ ಇದೆ. ಶಿರಸಿಯಲ್ಲಿ ಖಾಸಗಿ ಶಾಲೆಯಲ್ಲಿದ್ದ ನಮ್ಮವಳ ಹತ್ತಿರ ಇಲ್ಲ. ಸಂಜೆ ಬೆಲ್ ಹೊಡೆದರೆ ಗುಂಪು ಗಂಟೆ ಬಾರಿಸುತ್ತ ಹೋಗುತ್ತದೆ, ಇವಳು ನಡೆಯುತ್ತಾಳೆ. ಒಂದು ದಿನ ಒಬ್ಬಳು ಸೈಕಲ್ಲಿಂದ ಇಳಿದು ತಳ್ಳಿಕೊಂಡು ಜೊತೆಗೆ ನಡೆಯುತ್ತಾಳೆ. ಅವಳಿಗೂ ಕಾರಣವಿರಬೇಕು, ಬರೀ ಒಳ್ಳೆಯತನ ಸಾಲದು. ಚೈನ್ ತಪ್ಪಿರಬಹುದು. ಇಲ್ಲವೇ ಗುಂಪಿನೊಳಗೆ ಹೇಳಿದರೆ ಸಂಜೆಯೊಳಗೆ ಊರೆಲ್ಲ ಹರಡುವ ಒಂದು ಮಾತನ್ನು ಊರಿನ ಪರಿಚಯವೇ ಇಲ್ಲದವಳ ಹತ್ತಿರ ಹೇಳಿಕೊಳ್ಳಬೇಕಾಗಿರಬಹುದು. ಹೊಸಬಳಿಗೆ ಇರುವ ಬೆಲೆ ಅದೊಂದೇ, ಗುಟ್ಟು ಹೇಳಲು ಅವಳಿಗೆ ಬೇರೆ ಯಾರೂ ಇಲ್ಲ. ಇದಕ್ಕೆ ಮುಂಚೆ ಒಬ್ಬ ಹುಡುಗನನ್ನು ತಂದರೆ ಕಾದಂಬರಿ ಪ್ರೇಮಕಥೆಯಾಗಿ ಹೊರಳಿ, ಮತ್ತೆ ದಾರಿಗೆ ಬರುವುದಿಲ್ಲ.

ನಡುಭಾಗಕ್ಕೆ 2009 ತಾನಾಗಿಯೇ ಒಂದು ಘಟನೆ ಕೊಟ್ಟಿದೆ. ಆ ವರ್ಷ ವಿಜಯದಶಮಿ ಸೆಪ್ಟೆಂಬರ್ 28. ಬ್ಯಾಂಕಿನ ಅರ್ಧವಾರ್ಷಿಕ ಲೆಕ್ಕ ಮುಗಿಯುವುದು ಸೆಪ್ಟೆಂಬರ್ 30, ಅಪ್ಪನಿಗೆ ರಜೆ ಸಿಗುವುದಿಲ್ಲ. ದಸರಾ ರಜೆಗೆ ಊರಿಗೆ ಹೋಗುವುದು ಎರಡು ದಿನ ಮುಂದೆ ಹೋಯಿತು. ಅಷ್ಟರಲ್ಲಿ ಉತ್ತರ ಕರ್ನಾಟಕದ ಮಹಾ ಮಳೆ. ಅಕ್ಟೋಬರ್ ಮೊದಲ ದಿನಗಳಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತು, ರಾಯಚೂರು ಜಿಲ್ಲೆಯ ನದಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಮಾನ್ವಿ, ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿ ಮುಟ್ಟಬೇಕಾದ ಬಸ್ಸು ಹೊರಡಲಿಲ್ಲ ಅಂತ ಇಡಿ. ಮಳೆಗಾಗಿ ಹಂಬಲಿಸಿದವಳಿಗೆ ಸಿಕ್ಕ ಮಳೆ ಇದು. ಇಲ್ಲಿ ಹುಡುಗಿ ಯಾರನ್ನೂ ಪ್ರವಾಹದಿಂದ ಎಳೆದು ಕಾಪಾಡಬಾರದು. ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದಿದ್ದಾರೆ. ಅವಳ ಅಕ್ಷರ ದುಂಡಗಿದೆ. ಬಂದವರ ಹೆಸರು, ಊರು, ಮಕ್ಕಳೆಷ್ಟು ಅಂತ ಪಟ್ಟಿ ಬರೆಯಲು ಕೂರಿಸುತ್ತಾರೆ. ಮೂರು ದಿನದಲ್ಲಿ ಸುತ್ತಲಿನ ಊರುಗಳ ಹೆಸರು ಅವಳ ಕೈಯಿಂದಲೇ ಹಾಯ್ದುಹೋಗುತ್ತವೆ. ಹಾಜರಿ ಪುಸ್ತಕದ ಕಡೇ ಹೆಸರಿನವಳು ಈಗ ಬೇರೆಯವರ ಹೆಸರು ಕರೆಯುತ್ತಿದ್ದಾಳೆ. ಅದನ್ನು ಎತ್ತಿ ತೋರಿಸುವ ವಾಕ್ಯ ಮಾತ್ರ ಬರೆಯಬೇಡಿ.

ನೆರೆಯ ನಂತರ ಎಲ್ಲ ಸರಿಹೋಯಿತು ಅನ್ನುವಂತಾದರೆ ಕಾದಂಬರಿ ಅಲ್ಲೇ ಮುಗಿದ ಹಾಗೆ. ಈಗ ಆ ಇನ್‌ಲ್ಯಾಂಡ್ ಪತ್ರ ಹೊರಬರಬೇಕು. ಜೂನ್‌ನಿಂದ ಶಿರಸಿಯ ಗೆಳತಿಗೆ ಅವಳು ಬರೆದದ್ದರಲ್ಲಿ ರಾಯಚೂರಿನವರ ಮಾತು, ಊಟ, ಬಟ್ಟೆಯ ಮೇಲೆ ತಮಾಷೆಯಿದೆ. ಸೈಕಲ್ ಹುಡುಗಿಯ ಬಗ್ಗೆಯೂ ಎರಡು ಸಾಲು. ಅಂಟಿಸದೆ ಪುಸ್ತಕದಲ್ಲಿಟ್ಟ ಒಂದು ಪತ್ರ ಆ ಸೈಕಲ್ ಹುಡುಗಿಯ ಕೈಗೇ ಸಿಗುತ್ತದೆ. ಇಷ್ಟು ಹೊತ್ತು ನೊಂದವಳೇ ನೋಯಿಸಿದವಳೂ ಆದಳು. ಇದನ್ನು 27,000–30,000 ಪದಗಳ ನಡುವೆ ಇಡಿ. ಬಿಡಿಸಲು ಅಜ್ಜಿ, ಟೀಚರು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಯಾರೂ ಬರಬಾರದು. ವಾರಗಟ್ಟಲೆ ಮಾತು ಬಿಟ್ಟಿರಲಿ. ಮೊದಲ ಒಂಟಿತನದ ಅದೇ ನಲ್ಲಿ, ಅದೇ ಮೈದಾನ, ಆದರೆ ಈಗ ತಪ್ಪು ಅವಳದು.

ಕೊನೆಗೆ ಅಪ್ಪನಿಗೆ ವಾಪಸ್ ವರ್ಗ ಆಗುವುದು, ಅವಳಿಗೆ ಭಾಷಣದಲ್ಲಿ ಬಹುಮಾನ ಬರುವುದು, ಎರಡೂ ಬೇಡ. ಜಾತ್ರೆಯಿಂದ ಬಂದ ಮೇಲೆ ವಾರ್ಷಿಕ ಪರೀಕ್ಷೆ, ಏಪ್ರಿಲ್ ಬಿಸಿಲು, ಮಾಳಿಗೆಗೆ ಚಾಪೆ ಹೊತ್ತು ಹತ್ತುವುದು. ಪಕ್ಕದ ಮಾಳಿಗೆಯವರ ಮಾತಿಗೆ ಇವಳೂ ಒಂದು ಮಾತು ಸೇರಿಸಿದಳೋ ಇಲ್ಲವೋ, ಅಷ್ಟು ಸಾಕು.

ಅಳತೆಯ ಮಾತು: ಡೆಮಿ 1/8 ಅಳತೆಯ ಪುಟಕ್ಕೆ ಸುಮಾರು 215–225 ಪದ ಕೂರುತ್ತವೆ. 45,000 ಪದ ಅಂದರೆ 208 ಪುಟದ ಹತ್ತಿರ, ಒಟ್ಟಿಗೆ ಅಚ್ಚಾಗುವ 16 ಪುಟದ ಕಟ್ಟು, ಅಂದರೆ ಫಾರಂ ಲೆಕ್ಕದಲ್ಲಿ ಸರಿಯಾಗಿ 13. ಮೂರ್ನಾಲ್ಕು ಪುಟ ಹೆಚ್ಚಾಗಿ ಹದಿನಾಲ್ಕನೇ ಫಾರಂಗೆ ಉಕ್ಕಿದರೆ ಪ್ರಕಾಶಕರು ಕತ್ತರಿಸಲು ಹೇಳುತ್ತಾರೆ, ಅಥವಾ ಅಕ್ಷರ ಸಣ್ಣದು ಮಾಡುತ್ತಾರೆ. ನೀವೇ ಕತ್ತರಿಸಿಕೊಳ್ಳುವುದು ಒಳ್ಳೆಯದು. ಮೊದಲ ಕತ್ತರಿ ಲಾರಿ ಮತ್ತು ಪ್ರಯಾಣದ ಅಧ್ಯಾಯಕ್ಕೆ. ಕಥೆ ಮೂರನೇ ವಾರದ ಒಂದು ಬುಧವಾರ ಶುರುವಾಗಲಿ, ದಾರಿ ಗೊತ್ತಿದೆ, ಮನುಷ್ಯರು ಗೊತ್ತಿಲ್ಲ. ಆಮೇಲೆ ಕಡತದಲ್ಲಿ 'ಒಂಟಿ', 'ನೆನಪು', 'ಕಣ್ಣೀರು', 'ಕಿಟಕಿ' ಇವನ್ನು ಹುಡುಕಿ ಎಣಿಸಿ. ಕಿಟಕಿ ಆರಕ್ಕಿಂತ ಹೆಚ್ಚು ಸಲ ಇದ್ದರೆ ಅವಳನ್ನು ಎಬ್ಬಿಸಿ ಅಂಗಡಿಗೆ ಕಳಿಸಿ. 'ನುಡಿ' ತಂತ್ರಾಂಶದಲ್ಲಿ ಬರೆದು ಯೂನಿಕೋಡ್‌ಗೆ ಬದಲಿಸಿದ್ದರೆ ಅರ್ಕಾವೊತ್ತುಗಳನ್ನು ಒಂದು ಸಲ ಕಣ್ಣಾಡಿಸಿ.

ಕರಡು ಮುಗಿದ ಮೇಲೆ ರಾಯಚೂರಿನ ಪಾತ್ರಗಳ ಸಂಭಾಷಣೆಯನ್ನಷ್ಟೇ ಬೇರೆ ತೆಗೆದು, ಆ ಊರಿನಲ್ಲೇ ಬೆಳೆದ ಒಬ್ಬ ಹೆಂಗಸಿಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಜಾಗಕ್ಕೆಲ್ಲ ಗುರುತು ಹಾಕಿಕೊಳ್ಳಿ; ತಿದ್ದಲು ಕೇಳಬೇಡಿ, "ಇದನ್ನ ನಿಮ್ಮ ಮನೆಯಲ್ಲಿ ಹೆಂಗ ಅಂತೀರಿ?" ಅಂತ ಕೇಳಿ. ಅವರು ಅಂದದ್ದನ್ನು ಅಂದಹಾಗೇ ಬರೆದುಕೊಳ್ಳಿ. ಈ ಕೆಲಸಕ್ಕೆ ಎರಡು ಮೂರು ದಿನ ಹಿಡಿಯುತ್ತದೆ, ಅದಕ್ಕೆ ದುಡ್ಡು ಕೊಡಿ.